ಯಾರ ಹಾಲು

ಅಮ್ಮಿ,

ನೀನು ತೀರಿಕೊಂಡು ವರ್ಷವಾಯಿತು, ಇದನ್ನು ಓದುವವರಿಲ್ಲವೆಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಮನೆಗೆ ವಕೀಲರ ಫೋನ್ ಬಂದಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ನಮ್ಮ ಹಾದಿಯಾ ಆಸ್ಪತ್ರೆಯಲ್ಲೇ ಕರುಳಿನ ಕಾಯಿಲೆಯಿಂದ ಹೋದಳಲ್ಲ, ಅಲ್ಲಿ ಕುಡಿಸಿದ ಡಬ್ಬಿಯ ಫಾರ್ಮುಲಾ ಹಾಲೇ ಅದಕ್ಕೆ ಕಾರಣವೆಂದು ನಿನ್ನ ಅಳಿಯ ಶಾಕಿರ್ ಆ ಕಂಪನಿಯ ಮೇಲೆ ಕೇಸ್ ಹಾಕಿಸುತ್ತಿದ್ದಾರೆ. ಬೇರೆ ತಾಯಂದಿರು ದಾನ ಕೊಟ್ಟ ಎದೆಹಾಲು ಬೇಕೇ ಎಂದು ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದ್ದರೇ ಎಂದು ವಕೀಲರು ವಿಚಾರಿಸಿದರು. ಶಾಕಿರ್ ಥಟ್ಟನೆ "ನೋ" ಅಂದವರೇ ನನ್ನತ್ತ ತಿರುಗಿ, "ಕೇಳಿದ್ರೆ ನಾವ್ ಬೇಡ ಅಂತಿದ್ವಾ?" ಅಂದರು.

ಅವತ್ತು ಅವರು ಕಾರ್ ಪಾರ್ಕ್ ಮಾಡಲು ಹೋಗಿದ್ದಾಗ ನರ್ಸ್ ಕೇಳಿದ್ದಳು. ನನಗಿನ್ನೂ ಹಾಲು ಇಳಿದಿರಲಿಲ್ಲ. ಏನು ಹೇಳಲೆಂದು ತೋಚದೆ ನಿನಗೆ ಫೋನ್ ಮಾಡಿದೆ.

"ಯಾರ್ ಹಾಲೋ ಏನೋ! ಆ ತಾಯಿ ಮಕ್ಳೆಲ್ಲ ಇವ್ಳಿಗೆ ಹಾಲಿನ ಸಂಬಂಧದಲ್ಲಿ ಅಣ್ತಮ್ಮಂದ್ರಾಗ್ತಾರೆ. ನಾಳೆ ಗೊತ್ತಿಲ್ದೆ ಅವ್ರಲ್ಲೇ ಒಬ್ಬನ್ನ ಮದ್ವೆ ಆಗ್ಬಿಟ್ರೆ?" ಅಂದಿದ್ದೆ ನೀನು.

ಬೇಡವೆಂಬ ಕಾಗದಕ್ಕೆ ನಾನು ಸಹಿ ಹಾಕಿದೆ. ಎರಡು ಪೌಂಡ್ ತೂಗುತ್ತಿದ್ದ ಮಗು ಅದು. ನಾವಿಬ್ಬರೂ ಅವಳ ಮದುವೆಗೆ ಹೆದರಿದ್ದೆವು.

ಆಸ್ಪತ್ರೆಯ ದಾಖಲೆಗಳೆಲ್ಲ ಈ ವಾರ ಈಮೇಲ್‌ನಲ್ಲಿ ಬರುತ್ತವಂತೆ. ಒಂದು ಪುಟವನ್ನೂ ಬಿಡದೆ ಓದುತ್ತೇನೆ ಎನ್ನುತ್ತಾರೆ ಶಾಕಿರ್. ಅವರ ಫೋನ್ ಟಿಂಗ್ ಎಂದಾಗಲೆಲ್ಲ ನಾನು ಅವರ ಮುಖ ನೋಡುತ್ತೇನೆ.

ಆ ಕಾಗದದಲ್ಲಿ ನಿನ್ನ ಹೆಸರು ಎಲ್ಲೂ ಇಲ್ಲ, ಅಮ್ಮಿ. ಕೆಳಗೆ ಇರುವುದು ಒಂದೇ ಹೆಸರು,

ಮಲಿಕಾ