ಸೋಮಿ ಊಳಿಡುವ ಹೊತ್ತು

ಪ್ರೀತಿಯ ಅಕ್ಕನಿಗೆ,

ನಿನ್ನ ಮಂಡಿನೋವು ಈಗ ಹೋಗಿರಬೇಕು. ಇಲ್ಲಿ ನನ್ನ ಎದೆ ಢವಢವ ಅನ್ನುವುದು ಮಾತ್ರ ಹೋಗಿಲ್ಲ. ನಗಬೇಡ. "ನಮ್ಮ ಸಿವು ಜಿರಲೆ ಕಂಡ್ರೂ ಮಂಚದ ಮೇಲಕ್ ಅತ್ತೋನು ಕಣ್ರವ್ವ" ಅಂತ ಹೆಮ್ಮಿಗೆಯ ಹೆಂಗಸರ ಮುಂದೆಲ್ಲ ನನ್ನ ಮಾನ ಕಳೆಯುತ್ತಿದ್ದೆಯಲ್ಲ, ನಿನ್ನ ತಮ್ಮ ಇನ್ನೂ ಹಾಗೇ ಇದ್ದಾನೆ. ನಿನಗೊಂದು ವಿಷಯ ಹೇಳಬೇಕು. ಯಾರಿಗೂ ಕೊಡಬೇಡ ಅಂತ ನೀನು ಹೇಳಿದ್ದ ನಿನ್ನ ನಾಯಿಯನ್ನು ಕೊಟ್ಟುಬಿಡುವುದಕ್ಕೆ ನಾನು ಒಪ್ಪಿಕೊಂಡಿದ್ದೆ. ಬೈಯುವುದಾದರೆ ಪೂರ್ತಿ ಓದಿಬಿಟ್ಟು ಬೈ.

ನಿನ್ನ ಹನ್ನೊಂದನೇ ದಿನದ ಕಾರ್ಯ ಮುಗಿದ ಮಧ್ಯಾಹ್ನ ನೆನಪಾಗುತ್ತದೆ. ಹಸುಗಳೆರಡನ್ನೂ ಪಕ್ಕದ ಮನೆಯ ಗೌರಮ್ಮ ಹೊಡೆದುಕೊಂಡು ಹೋಗಿದ್ದರು. ನೆಂಟರೆಲ್ಲ ಎಲೆ ಅಡಿಕೆ ಹಾಕಿಕೊಂಡು ಹೊರಟರು. ಸೋಮಿ ಮಾತ್ರ ನಿನ್ನ ಜಗುಲಿಯ ಪಕ್ಕ ಮುಂಗಾಲಿನ ಮೇಲೆ ಮೂತಿ ಇಟ್ಟುಕೊಂಡು ಮಲಗಿದ್ದಳು. "ನಂಗೇನಾರ ಆದ್ರೆ ಸೋಮೀನ ನೀನೇ ಇಟ್ಕೊ" ಅಂತ ಫೋನಿನಲ್ಲಿ ನೀನು ಅಂದಾಗ, "ಏನೇನೋ ಮಾತಾಡ್ಬೇಡ ಬಿಡಕ್ಕ" ಅಂದಿದ್ದೆ. ಅದು ನಿಜವಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ನಿನ್ನ ಪಾತ್ರೆ, ಹಾಲಿನ ಕ್ಯಾನು, ಮಣೆ ಎಲ್ಲದರ ಜೊತೆ ಅವಳನ್ನೂ ಗೂಡ್ಸ್ ಆಟೊದ ಹಿಂದೆ ಕೂರಿಸಿದೆ. ನಾನು ಡ್ರೈವರ್ ಪಕ್ಕ ಕೂತೆ, ಕಚ್ಚಿಬಿಟ್ಟರೆ? ತಿರುಮಕೂಡಲಿನ ಸೇತುವೆ ದಾಟುವವರೆಗೂ ಅವಳು ಬಂದ ದಾರಿಯನ್ನೇ ನೋಡುತ್ತಿದ್ದಳು.

ನಂಜನಗೂಡಿಗೆ ಬಂದ ಮೊದಲ ವಾರ ರಾಜೋಪಚಾರ. ಹೊಸ ಬೆಲ್ಟು, ಹೊಸ ಚೈನು, ಮೂರು ಹೊತ್ತೂ ಹಾಲು ಅನ್ನ. ಕಳೆದುಹೋದಾಳು ಅನ್ನುವ ಭಯಕ್ಕೆ ಗೇಟಿನ ಒಳಗೆ ನೆರಳಿನಲ್ಲಿ ಕಟ್ಟಿಹಾಕಿದೆ. ನಮ್ಮ ಮನೆ ಮುಂದೆ ಎಲ್ಲ ಸಿಮೆಂಟು, ನಿನಗೆ ಗೊತ್ತಲ್ಲ. ಇಷ್ಟೆಲ್ಲ ಮಾಡಿದರೂ ಅವಳು ಅಂಗಡಿಗೆ ಹಾಕಿಕೊಂಡು ಹೋಗುವ ನನ್ನ ಚಪ್ಪಲಿ ಕಡಿದಳು. ಕರಿಬೇವಿನ ಕುಂಡದ ಮಣ್ಣನ್ನೆಲ್ಲ ಕೆರೆದು ಹರಡಿದಳು. ನಾನು ಗದರಿದೆ. ಹಾಲು ಅನ್ನ ತಿಂದೂ ಇದೇನು ಬುದ್ಧಿ ಅಂತ. ಆಮೇಲೆ ಶುರುವಾಯಿತು ನೋಡು ಊಳಿಡುವುದು. ಬೆಳಗ್ಗೆ ಒಂದು ಸಲ, ಸಂಜೆ ಹೊತ್ತಿಳಿಯುವಾಗ ಒಂದು ಸಲ. ಕತ್ತು ಮೇಲೆತ್ತಿ ಅವಳು ರಾಗ ತೆಗೆದರೆ ಎದುರು ಮನೆಯವರು ಕಿಟಕಿ ತೆಗೆದು ನಮ್ಮ ಮನೆಯಲ್ಲಿ ಯಾರಿಗೇನಾಯಿತು ಅಂತ ನೋಡುವರು.

ನಮ್ಮ ಅನು ಹೆರಿಗೆಗೆ ತವರಿಗೆ ಬಂದಿದ್ದಾಳೆ ಅಂತ ನಿನಗೆ ಹೇಳುವುದನ್ನೇ ಮರೆತೆ. ಹೌದು, ನಿನ್ನ ಮುದ್ದಿನ ಸೊಸೆಯೇ, ಎರಡು ಜಡೆ ಹಾಕಿಸಿಕೊಳ್ಳೋಕೆ ನಿನ್ನ ಹತ್ತಿರವೇ ಓಡಿ ಬರುತ್ತಿದ್ದವಳು. ಈಗ ತುಂಬು ಬಸುರಿ. ಮಂಗಳಾಗೆ ಮೊದಲೇ ಚಿಂತೆ, ಅದರ ಮೇಲೆ ಇದು. "ರೀ, ಬಸುರಿ ಹೆಂಗಸು ಇರೋ ಮನೆ. ಹೊತ್ತು ಮುಳುಗೋ ಹೊತ್ನಲ್ಲೇ ಊಳಿಡುತ್ತಲ್ಲರೀ. ನಾಯಿ ಕಣ್ಣಿಗೆ ಏನೇನು ಕಾಣುತ್ತೋ!" ಅಂದಳು. "ಅದೆಲ್ಲ ಮೂಢನಂಬಿಕೆ, ಸುಮ್ನಿರೇ" ಅಂದೆ. ಅಂದವನೇ ಮೆಲ್ಲಗೆ ಅನು ರೂಮಿಗೆ ಹೋಗಿ, "ಮಗು ಒದೀತಾ ಇದ್ಯೇನವ್ವ?" ಅಂತ ಕೇಳಿದೆ. "ಅಪ್ಪಾ, ನಾಯಿ ಕೂಗಿದಾಗೆಲ್ಲ ಬಂದು ಕೇಳ್ಬೇಡಿ. ಇಲ್ಲದ ಭಯ ನಂಗೂ ಹತ್ಕೊಳ್ಳುತ್ತೆ" ಅಂದಳು. ನಾನೇನು ಮಾಡಲಿ ಹೇಳು? ನಂಬುವುದಿಲ್ಲ ಅನ್ನುತ್ತೇನೆ, ಕೈಕಾಲು ಮಾತ್ರ ತಣ್ಣಗಾಗುತ್ತವೆ.

ನಿನಗೆ ಎರಡನೇ ಸಲ ಎಡೆ ಇಟ್ಟೆವಲ್ಲ, ಅದು ಇದಕ್ಕೇ. ನಿನಗೆ ಏನೋ ಆಸೆ ಉಳಿದುಹೋಗಿದೆ, ಅದಕ್ಕೇ ನೀನು ಬಾಗಿಲವರೆಗೆ ಬರುತ್ತೀಯ, ನಾಯಿ ನಿನ್ನನ್ನು ಕಂಡು ಕೂಗುತ್ತದೆ ಅಂತ ಮಂಗಳಾ ಲೆಕ್ಕ ಹಾಕಿದಳು. ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು, ವಡೆ, ನಿನ್ನ ಎಲೆ ಅಡಿಕೆ, ಒಂದೂ ಬಿಡಲಿಲ್ಲ. ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ, "ಏನಾದ್ರೂ ಕೊರತೆ ಆಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಕ್ಕ" ಅಂತ ಇಬ್ಬರೂ ಹೊರಗೆ ಕೈಮುಗಿದು ನಿಂತೆವು. ಆಮೇಲೆ ಕಾಗೆಗೆ ಒಂದು ಪಾಲು, ಸೋಮಿಗೆ ತುಪ್ಪ ಹಾಕಿ ಎರಡು ಒಬ್ಬಟ್ಟು. ಮಾರನೆಯ ದಿನ ಅವಳ ಹೊಟ್ಟೆ ಕೆಟ್ಟಿತು. ಗೇಟಿನ ಮುಂದೆ ಮಂಗಳಾ ಬಕೆಟ್ಟುಗಟ್ಟಲೆ ನೀರು ಸುರಿಯುವುದು, ನಡುನಡುವೆ ಸೋಮಿ ಊಳಿಡುವುದು. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಮಗೆ ಅಳು ಬಂತು.

ಆ ದಿನವೇ ಮಂಗಳಾಳ ಅಣ್ಣ ಮಾದೇವಪ್ಪ ಹೆಮ್ಮರಗಾಲದಿಂದ ಫೋನ್ ಮಾಡಿದ. "ನಂಗ್ ಕೊಡಿ ಭಾವ. ಬಾಳೆ ತೋಟ್ದಲ್ಲಿ ಪಂಪ್‌ಸೆಟ್ ತಾವ ಕಟ್ಟಾಕ್ತೀನಿ. ಕಾಡಂದಿ ಬಂದ್ರೆ ಕೂಗ್ಲಿ. ಅಲ್ಲಿ ಎಷ್ಟ್ ಕೂಗುದ್ರೂ ಕೇಳೋರ್ಯಾರು?" ಅಂದ. ಭಾನುವಾರ ಬೆಳಗ್ಗೆ ಬಂದು ಕರೆದುಕೊಂಡು ಹೋಗು ಅಂದೆ. ಅಂದೆ ಅಕ್ಕ, ಏನು ಮಾಡಲಿ. ಒಂದು ಕಡೆ ನಿನ್ನ ಮಾತು, ಇನ್ನೊಂದು ಕಡೆ ಒಳಗೆ ಮಲಗಿರುವ ಮಗಳು... ಕೇಳುವವರಿಲ್ಲದ ಕಡೆ ಅವಳು ಕೂಗುವುದನ್ನು ನೆನೆಸಿಕೊಂಡು, ಊಟದ ಮಧ್ಯೆ ಎದ್ದು ಗೇಟಿನ ಹತ್ತಿರ ಹೋಗಿ ಅವಳನ್ನು ನೋಡಿ ಬರುತ್ತಿದ್ದೆ.

ಹೊಟ್ಟೆ ಕೆಟ್ಟಿತ್ತಲ್ಲ, ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಔಷಧಿ ಕೊಟ್ಟು, ಒಬ್ಬಟ್ಟಿಗೆ ನನ್ನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು. ಊಳಿಡುವ ವಿಷಯ ಹೇಳಿದೆ. "ಮೊದಲಿದ್ದ ಮನೇಲಿ ದಿನಾ ಏನ್ ಮಾಡ್ಕೊಂಡಿದ್ದಳು ಸರ್?" ಅಂತ ಕೇಳಿದರು. "ನಾಯಿ ಅಲ್ವಾ ಮೇಡಂ, ಸುಮ್ನೆ ಇತ್ತು" ಅಂದೆ. "ಸುಮ್ನೆ ಯಾವ ನಾಯೀನೂ ಇರಲ್ಲ. ಮೂಸಬೇಕು, ಕಡೀಬೇಕು, ಕೆರೀಬೇಕು, ಸುತ್ತಬೇಕು. ಹೊಟ್ಟೆ ತುಂಬಿಸಿ ಕಟ್ಟಿಹಾಕಿದ್ರೆ ಆಗೋಯ್ತಾ?" ಅಂದರು. ದಾರಿಯುದ್ದಕ್ಕೂ ಅದೇ ಪ್ರಶ್ನೆ ಕೊರೆಯಿತು. ಏನು ಮಾಡಿಕೊಂಡಿದ್ದಳು ನಿನ್ನ ಸೋಮಿ? ಯಾರನ್ನು ಕೇಳಲಿ, ನೀನು ಅಲ್ಲಿ ಹೋಗಿ ಕೂತಿದ್ದೀಯ.

ಶನಿವಾರ ಅಂಗಡಿ ಮುಚ್ಚಿ, ನರಸೀಪುರದಲ್ಲಿ ಬಸ್ಸು ಬದಲಾಯಿಸಿಕೊಂಡು ಹೆಮ್ಮಿಗೆಗೆ ಹೋದೆ. ನಿನ್ನ ಹಿತ್ತಲಿನ ಹುಲ್ಲಿನ ಮೆದೆ ಪಕ್ಕ ಒಂದು ಗುಂಡಿ, ಸೋಮಿ ಸುತ್ತಿಕೊಂಡು ಮಲಗುವಷ್ಟೇ ಅಗಲ. ಸುತ್ತ ಕಡಿದು ಬಿಸಾಕಿದ ತೆಂಗಿನ ಸಿಪ್ಪೆ. "ಆ ಗುಂಡಿ ಮುಚ್ಚಕ್ಕೆ ನಿಮ್ಮಕ್ಕ ಬುಡ್ತಾನೇ ಇರ್ನಿಲ್ಲ. ಅದು ಅವ್ಳ ಮನೆ ಕಣವ್ವ ಅನ್ನೋಳು" ಅಂದರು ಗೌರಮ್ಮ. ಇನ್ನೇನು ಮಾಡುತ್ತಿದ್ದಳು ಅಂತ ಕೇಳುವಷ್ಟರಲ್ಲಿ ಎದ್ದೇಬಿಟ್ಟರು. "ತಡಿ ಸಿವಣ್ಣ, ಡೇರಿಗೆ ಒತ್ತಾಯ್ತು, ಆಲು ಆಕ್ಬುಟ್ ಬತ್ತೀನಿ."

ಆಗಲೇ ಮಂಗಳಾ ಫೋನು. "ರೀ, ಶುರುವಾಯ್ತು ನೋಡಿ. ಕೇಳಿಸ್ತಾ?" ಕಿವಿಯಲ್ಲಿ ಸೋಮಿ ಊಳಿಡುತ್ತಿದ್ದಾಳೆ, ಕಣ್ಣೆದುರಿಗೆ ಬೀದಿಯ ಹೆಂಗಸರೆಲ್ಲ, ನೀನು ಬೆಳಗ್ಗೆ ಸಂಜೆ ಹೋಗುತ್ತಿದ್ದ ಹಾಗೇ, ಕ್ಯಾನು ಹಿಡಿದುಕೊಂಡು ಡೇರಿಗೆ ಹೊರಟಿದ್ದಾರೆ. ಅಯ್ಯೋ ಶಿವನೇ! ಅವಳು ಕಂಡದ್ದು ಯಮನನ್ನೂ ಅಲ್ಲ, ನಿನ್ನನ್ನೂ ಅಲ್ಲ. ಡೇರಿಗೆ ಹೊತ್ತಾಯಿತು, ಯಾಕೆ ಯಾರೂ ಏಳುತ್ತಿಲ್ಲ ಅಂತ ಕೇಳುತ್ತಿದ್ದಳು. ಫೋನು ಕಿವಿಗಿಟ್ಟುಕೊಂಡೇ ನಾನು ಬೀದಿಯಲ್ಲಿ ನಿಂತುಬಿಟ್ಟೆ.

ಗೌರಮ್ಮನ ಹಿಂದೆಯೇ ನಾಲೆ ಏರಿಯ ಮೇಲೆ ನಡೆದೆ. "ಈ ಲೈಟ್ ಕಂಬ, ಆ ಕಲ್ಲು, ಒಂದ್ನೂ ಬುಡ್ದಂಗೆ ಮೂಸದು. ನಿಮ್ಮಕ್ಕ ಕ್ಯಾನ್ ಕೆಳಗಿಟ್ಟು ನಿಂತ್ಕಳದು. ಬಾರಕ್ಕ, ಆಲು ಒಡ್ದೋಯ್ತದೆ ಅಂದ್ರೆ, ಯಾರ್ಯಾರ್ ಬಂದೋದ್ರು ಅಂತ ಅವ್ಳೂ ನೋಡ್ಕಳ್ಳಿ ತಡಿ ಅನ್ನೋಳು" ಅಂದರು. ಮೋರಿ ಬಂದಾಗ ಅವರ ನಡಿಗೆ ನಿಧಾನವಾಯಿತು. "ಬರೋವಾಗ ನಿಮ್ಮಕ್ಕಂಗೆ ಮಂಡಿ ಇಡ್ಕಳದು. ಸೋಮಿ ಮುಂದಕ್ ಓಗಿ ಇಲ್ಲಿ ತಿರಿಕ್ಕಂಡು ನಿಂತ್ಕಳೋಳು. ಅಕ್ಕ ಬರೋಗಂಟ ಒಂದೆಜ್ಜೆ ಮುಂದಿಕ್ಕ್ತಿರ್ನಿಲ್ಲ." ನಿನಗೆ ನಡೆಯುವಾಗ ಅಷ್ಟು ನೋವಿತ್ತು ಅಂತ ನನಗೆ ಯಾಕೆ ಒಂದು ದಿನವೂ ಹೇಳಲಿಲ್ಲ ಅಕ್ಕ?

ಭಾನುವಾರ ಬೆಳಗ್ಗೆ ಎದ್ದವನೇ ನಿನ್ನ ಕ್ಯಾನು ಹುಡುಕಿದೆ. ಮಂಗಳಾ ಅದರಲ್ಲಿ ಹುರುಳಿಕಾಳು ತುಂಬಿಟ್ಟಿದ್ದಳು. ಬೇಸಿನ್‌ಗೆ ಸುರಿದು, ತೊಳೆದು, ಮುಚ್ಚಳ ಹಾಕಿದ ಸದ್ದಿಗೇ ಸೋಮಿ ಎದ್ದು ನಿಂತಳು. ಬಾಲ ಅಲ್ಲ, ಮೈಯೆಲ್ಲ ಅಲ್ಲಾಡುತ್ತಿತ್ತು. ಚೈನು ಬಿಚ್ಚಿ ಉದ್ದನೆಯ ಹಗ್ಗ ಕಟ್ಟಿ ಹೊರಟೆ. ಎಳೆದುಕೊಂಡು ಓಡಿದರೆ? ಬೀದಿನಾಯಿಗಳು ಬಂದರೆ? "ಏನ್ ಸಾ, ಕ್ಯಾನ್ ಇಡ್ಕಂಡ್ ಒಂಟ್ರಿ, ಅಸು ಗಿಸು ಕಟ್ಟುದ್ರಾ?" ಅಂತ ಹೂವಿನವನು ನಕ್ಕ. ಪ್ರತಿ ಕಂಬಕ್ಕೂ ಅವಳು ನಿಂತಳು, ನಾನೂ ನಿಂತೆ. ಹಾಲಿನ ಬೂತಿನ ಮುಂದೆ ಯಾರೂ ಹೇಳದೆ ಕೂತಳು. ಎರಡು ಪ್ಯಾಕೆಟ್ ಹಾಲು ಕೊಂಡು ಕ್ಯಾನಿಗೆ ಹಾಕಿಕೊಂಡೆ. ಬೂತಿನವನು ನನ್ನನ್ನೇ ನೋಡಿದ.

ಬರುವಾಗ ನಮ್ಮ ಬೀದಿಯ ತುದಿಯಲ್ಲಿ ಮೋರಿ ಇದೆಯಲ್ಲ, ಅಲ್ಲಿ ನಿಂತುಬಿಟ್ಟಳು. ತಿರುಗಿ ನಿಂತಳು. ಹಗ್ಗ ಎಳೆದೆ, ಬರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಆದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ನಡೆದು ಬಂದ ದಾರಿಯನ್ನು ನೋಡುತ್ತಿದ್ದಳು, ಕಿವಿ ನಿಮಿರಿಸಿಕೊಂಡು. ಅಕ್ಕಾ... ನಾನು ಕ್ಯಾನು ಕೆಳಗಿಟ್ಟು ಮೋರಿ ಕಟ್ಟೆಯ ಮೇಲೆ ಕೂತು ಅತ್ತೆ. ನಿನ್ನ ಕಾರ್ಯದ ದಿನ ಬಡಿಸುವುದು, ಬಂದವರನ್ನು ಮಾತಾಡಿಸುವುದು, ಇದರಲ್ಲೇ ಹೊತ್ತು ಹೋಗಿತ್ತು, ಅಳುವುದಕ್ಕೆ ಆಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಂದು ನನ್ನ ಕೈ ಮೂಸಿ, ಮನೆಯ ಕಡೆ ಹೊರಟಳು.

ಗೇಟಿನ ಮುಂದೆ ಮಾದೇವಪ್ಪ ದಪ್ಪನೆಯ ಚೈನು ಹಿಡಿದು ನಿಂತಿದ್ದ. ಮಂಗಳಾಗೆ ಏನು ಹೇಳಲಿ? ಅವಳು ಕ್ಯಾನು ನೋಡಿದಳು, ಒಳಗಿದ್ದ ಪ್ಯಾಕೆಟ್ ನೋಡಿದಳು, ನನ್ನ ಕಣ್ಣು ನೋಡಿದಳು. ಆ ಬೆಳಗ್ಗೆ ಸೋಮಿ ಊಳಿಟ್ಟಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. "ಅಣ್ಣ, ಕಾಫಿ ಕುಡ್ಕೊಂಡು ಹೋಗು. ನಾಯಿ ಕೊಡಕ್ಕಾಗಲ್ಲ. ಇವರಿಗೆ ಶುಗರ್ ಇದೆ, ನಡೀರಿ ಅಂತ ಡಾಕ್ಟ್ರು ಬಡ್ಕೊಂಡ್ರೂ ನಡೀತಿರಲಿಲ್ಲ. ಈಗ ನಡೆಸೋಕೆ ಒಬ್ಬಳು ಸಿಕ್ಕಿದ್ದಾಳೆ" ಅಂದಳು. ಮಾದೇವಪ್ಪ ಗೊಣಗಿಕೊಂಡೇ ಕಾಫಿ ಕುಡಿದ.

ಗೇಟಿನ ಪಕ್ಕ ಒಂದಿಷ್ಟು ಸಿಮೆಂಟು ಒಡೆಸಿದ್ದೇವೆ. ಸೋಮಿ ಅಲ್ಲಿ ಗುಂಡಿ ತೋಡಿಕೊಂಡಿದ್ದಾಳೆ. ಕಡಿಯಲು ತೆಂಗಿನ ಸಿಪ್ಪೆ ಕೊಡುತ್ತೇವೆ, ನನ್ನ ಚಪ್ಪಲಿ ಉಳಿದಿದೆ. ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳು. ಮೊನ್ನೆ ಮಳೆ ಅಂತ ಸಂಜೆ ಹೊರಡಲಿಲ್ಲ, ಶುರುಮಾಡಿದಳು. ಮಂಗಳಾ ಅನು ರೂಮಿಗೆ ಓಡಿ, ವಾಪಸು ಬಂದು ಕ್ಯಾನು ಛತ್ರಿ ಎರಡನ್ನೂ ನನ್ನ ಕೈಗೆ ತುರುಕಿದಳು. "ಹೊರಡ್ರೀ ಮೊದ್ಲು!" ಅನುಗೆ ಇನ್ನೇನು ದಿನ ಹತ್ತಿರ ಬಂತು. ನೋವು ಡೇರಿ ಹೊತ್ತಿಗೇ ಬಂದರೆ ಸೋಮಿಯನ್ನು ಯಾರು ನೋಡುತ್ತಾರೆ, ಅವಳು ಊಳಿಟ್ಟರೆ ಮಂಗಳಾ ಎದೆ ಗಟ್ಟಿ ಇರುತ್ತದಾ, ನನ್ನದು? ದಿನಾ ಇದೇ ಯೋಚನೆ.

ಮಗು ಹುಟ್ಟಿದ ಸುದ್ದಿಯನ್ನು ನಿನಗೆ ಹೇಳಲು ಬೇರೆ ಕಾಗದ ಬರೆಯುವುದಿಲ್ಲ. ಮೋರಿ ಹತ್ತಿರ ಬಂದು ಹೇಳುತ್ತೇನೆ. ಸೋಮಿ ಅಲ್ಲಿ ಈಗಲೂ ಎರಡು ಹೊತ್ತೂ ತಿರುಗಿ ನಿಲ್ಲುತ್ತಾಳೆ. ನಾನು ಹಗ್ಗ ಎಳೆಯುವುದಿಲ್ಲ. ನೀನು ಬರುವುದಿಲ್ಲ ಅಂತ ನನಗೆ ಗೊತ್ತು, ಆದರೂ ಇಬ್ಬರೂ ಕಾಯುತ್ತೇವೆ. ಆಮೇಲೆ ಹಾಲಿನ ಕ್ಯಾನು ಎತ್ತಿಕೊಂಡು ಮನೆಗೆ ಬರುತ್ತೇವೆ.

ನಿನ್ನ ಪುಕ್ಕಲು ತಮ್ಮ,
ಶಿವು