ಬಾಯಿಗೆ ಬಾರದ ಆಮೇನ್

ಶನಿವಾರ, ೨ ನವೆಂಬರ್ ೧೯೭೪, ರಾತ್ರಿ

ನಿನ್ನೆ ಶುಕ್ರವಾರ, ಸಬ್ಬತ್ತಿನ ಸಂಜೆ, ಮತ್ತೆ ಅದೇ. ದೀಪ ಹಚ್ಚಿದೆ, ಒಣದ್ರಾಕ್ಷಿ ನೆನೆಸಿದ ರಸ ಇಟ್ಟೆ, ಚಪಾತಿಗೆ ಬಟ್ಟೆ ಮುಚ್ಚಿದೆ. ಇವರ ಕಿವಿ ರೇಡಿಯೋ ಕಡೆ. ಹೀಬ್ರೂ ಸ್ತುತಿಯನ್ನು ಕಂಡಕ್ಟರ್ ಊರ ಹೆಸರು ಕೂಗಿದ ಹಾಗೆ ಉರುಳಿಸಿದರು— ಇಂಡಿ, ಸಿಂದಗಿ, ಮುದ್ದೇಬಿಹಾಳ... ನಡುವೆ ದೇವರ ಹೆಸರು ಎಲ್ಲಿ ಬಂತೋ! ಇಡೀ ಆಲಮಟ್ಟಿ ಕಾಲೊನಿಗೆ ನಾವೊಂದೇ ಯೆಹೂದಿ ಮನೆ. ಸ್ತುತಿ ಕೇಳಿದವರು ಆಮೇನ್ ಅನ್ನಬೇಕು; ಇವರ ಸ್ತುತಿಗೆ ಅನ್ನಲು ನಾನೊಬ್ಬಳೇ. ಅಂದೆ. ಅಸಹ್ಯ.

ಇವರು ಮರಾಠಿ ಶಾಲೆಯಲ್ಲಿ ಕಲಿತವರು. ಈ ಡೈರಿ ಸಿಕ್ಕರೂ ಕನ್ನಡ ಓದಲು ಬಾರದು. ಪುಣ್ಯ.

ಶನಿವಾರ, ೯ ನವೆಂಬರ್, ರಾತ್ರಿ

ನಿನ್ನೆ ಬೇಕೆಂದೇ ಪರೀಕ್ಷೆ ಮಾಡಿದೆ. ಚಪಾತಿಯ ಸ್ತುತಿ ಜೋಳಕ್ಕೆ ನಡೆಯದು, ಅದಕ್ಕೆ ಬೇರೆಯೇ ಇದೆ. ಬಟ್ಟೆಯಡಿ ಜೋಳದ ರೊಟ್ಟಿ ಇಟ್ಟೆ. ಬಟ್ಟೆ ಎತ್ತಿದರು, ಗೋಧಿಯದನ್ನೇ ಹೇಳಿದರು, ಮುರಿದು ಬದನೆಕಾಯಿ ಜೊತೆ ತಿಂದರು. ಗೊತ್ತೇ ಆಗಲಿಲ್ಲ! ನಾನು ಆಮೇನ್ ಅನ್ನಲಿಲ್ಲ. ಅದೂ ಗೊತ್ತಾಗಲಿಲ್ಲ.

ಆಮೇಲೆ ಹೇಳಿದೆ. ನಕ್ಕರು. "ಬಾಯಾಗ ಬಂತಲ್ಲ, ಸಾಕು. ದೇವ್ರೇನು ಹಿಟ್ಟು ಚೆಕ್ ಮಾಡ್ತಾನ?"

ಮೈ ಉರಿಯಿತು. ಇನ್ನು ಈ ಮನುಷ್ಯನ ಸ್ತುತಿಗೆ ನನ್ನ ಬಾಯಿಂದ ಆಮೇನ್ ಇಲ್ಲ.

ಗುರುವಾರ, ೧೪ ನವೆಂಬರ್

ಮಗಳು ಲೇಯಾಗೆ ಜ್ವರ. ಇಳಿಯುತ್ತಿಲ್ಲ. ಮಗು ಕಣ್ಣೇ ತೆರೆಯುತ್ತಿಲ್ಲ...

ಸೋಮವಾರ, ೨ ಡಿಸೆಂಬರ್

ಟೈಫಾಯ್ಡ್ ಇಳಿಯಿತು. ಮಗಳು ಗಂಜಿ ಕುಡಿದಳು. ಪಕ್ಕದ ಮನೆ ರಹಿಮಾಬಿ— ಜೀಪ್ ಡ್ರೈವರ್ ಚಮನಸಾಬರ ಹೆಂಡತಿ— ಇಷ್ಟು ದಿನ ನನ್ನ ಜೊತೆ ಕೂತಳು. ಇವರು? ಬಾಗಿಲಲ್ಲಿ ನಿಂತು ನೋಡುವುದು, ಹೋಗಿ ರೇಡಿಯೋ ಹಚ್ಚುವುದು. ಹೇಸಿಗೆ.

ಮಗಳು ಉಳಿದದ್ದಕ್ಕೆ ಗುರುವಾರ ಹರಕೆಯ ಮಲೀದಾ. ಅವಲಕ್ಕಿ, ಸಕ್ಕರೆ, ಕೊಬ್ಬರಿ, ಹಣ್ಣು. ಸ್ತುತಿ ಹೇಳುವುದು ಮಾತ್ರ ಇವರದೇ ಬಾಯಿ!

ರಹಿಮಾಬಿ ಅಂದಳು, "ನಮ್ಮೊಳಗೂ ಮಲೀದಾ ಮಾಡ್ತೇವ್ರಿ ಬಾಯಾರ. ಪೋರಿ ಸಲುವಾಗಿ ನಾನೂ ಬರ್ತೇನ್ರಿ."

ಗುರುವಾರ, ೫ ಡಿಸೆಂಬರ್, ಸಂಜೆ ೭

ಆಯಿತು. ಬಾಯಿ ಬಿಗಿದು ಕೂತಿದ್ದೆ. ಎಲ್ಲಿ ತಪ್ಪುತ್ತಾರೆ ಎಂದು ಕಾಯುತ್ತಿದ್ದೆ. ಖರ್ಜೂರ ಕೈಯಲ್ಲಿ ಹಿಡಿದರು. ಎದ್ದು ಹೋಗಿ ರೇಡಿಯೋ ಬಂದ್ ಮಾಡಿ ಬಂದರು. ಒಂದೊಂದೇ ಶಬ್ದ. ಮರದ ಹಣ್ಣು ಸೃಷ್ಟಿಸಿದವನೇ ಅನ್ನುವಲ್ಲಿ ತಡೆದು, ಮಗಳು ಮಲಗಿದ ಕೋಣೆಯತ್ತ ನೋಡಿದರು. ಹೇಗೋ ಮುಗಿಸಿದರು. ಖರ್ಜೂರ ಬಾಯಿಗಿಡಲಿಲ್ಲ. ನನ್ನ ಮುಖ ನೋಡುತ್ತ ನಿಂತರು.

ನಾನು ಆಮೇನ್ ಬಿಟ್ಟದ್ದು ಇವರಿಗೆ ಮೊದಲಿಂದ ಗೊತ್ತಿತ್ತು.

ಅನ್ನಬೇಕಿತ್ತು. ಬಿಗಿದ ಬಾಯಿ ತೆರೆಯಲಿಲ್ಲ. ಬಾಗಿಲ ಬಳಿಯಿಂದ ರಹಿಮಾಬಿ, ಸೆರಗು ಹೊದ್ದು, ಎರಡೂ ಕೈ ಎತ್ತಿ— "ಆಮೀನ್." ಇವರು ಅವಳತ್ತ ತಲೆ ಬಾಗಿಸಿ ಖರ್ಜೂರ ತಿಂದರು. ಅಳುತ್ತ.

ನನ್ನ ಮಗಳ ಜೀವಕ್ಕೆ ಆಮೇನ್ ಅಂದವಳು ಪಕ್ಕದ ಮನೆಯವಳು. ನನ್ನ ಮೇಲೇ ನನಗೆ ವಾಕರಿಕೆ.

ಒಳಗೆ ಇವರು ಲೇಯಾಗೆ ಒಂದು ಚೂರು ಬಾಳೆಹಣ್ಣು ಹಿಡಿದು ಸ್ತುತಿ ಹೇಳಿಕೊಡುತ್ತಿದ್ದಾರೆ. ನಿಧಾನ. ತೊದಲುತ್ತ ಅವಳೂ ಹೇಳುತ್ತಿದ್ದಾಳೆ. ಮುಗಿಯುತ್ತ ಬಂತು. ಈಗಲಾದರೂ ಎದ್ದು ಹೋಗಿ—