ಎರಡನೆಯ ಅರ್ತಿಂಗ್

೬ ಮಾರ್ಚ್, ಗುರುವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದವೂ ಕೈಸೇರಿ ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೋ, ಬೈದು ಮುಗಿಸಿ ಆಮೇಲೆ ಓದು. "ಅತ್ತಿಗೆ, ಇಂಜಿನಿಯರ್ ಆಗ್ತಾ ಆಗ್ತಾ ಅಕ್ಷರಾನೇ ಮರೆತುಬಿಟ್ರಾ?" ಎಂದು ಕೇಳಿದ್ದೀಯ. ಅಕ್ಷರ ಮರೆತಿಲ್ಲ. ದಿನಚರಿಯಲ್ಲಿ ದಿನಕ್ಕೆ ನಾಲ್ಕು ಸಾಲು ಈಗಲೂ ಬರೆಯುತ್ತೇನೆ. ನಿನಗೆ ಬರೆಯಲು ಕೂತರೆ ಮಾತ್ರ ಆ ನಾಲ್ಕು ಸಾಲೂ ಹೊರಡುವುದಿಲ್ಲ. ಇದು ಆರನೆಯ ಸಲ ಹರಿದು ಬರೆಯುತ್ತಿರುವುದು.

ನನ್ನ ಆರೋಗ್ಯ ಸರಿಯಾಗಿದೆ. ಹಗಲು ವಿದ್ಯುತ್ ಇಲಾಖೆಯ ಕಚೇರಿಯಲ್ಲಿ ಮೀಟರ್ ರೀಡಿಂಗ್ ತಿದ್ದುವ ಕೆಲಸ, ನಿಮ್ಮಣ್ಣ ಹೋದ ಮೇಲೆ ಅನುಕಂಪದಿಂದ ಕೊಟ್ಟ ಅದೇ ಕುರ್ಚಿ. ಸಂಜೆ ಆರರಿಂದ ಒಂಬತ್ತರವರೆಗೆ ವಿಶ್ವವಿದ್ಯಾಲಯ. ಮೂರನೇ ವರ್ಷ ಅರ್ಧ ಮುಗಿಯಿತು. ನಲವತ್ತೆರಡು ಜನರಲ್ಲಿ ನಲವತ್ತರ ಮೇಲಿನವಳು ನಾನೊಬ್ಬಳೇ. ಮೊದಲ ವರ್ಷ ನಾನು ಕ್ಲಾಸಿಗೆ ಹೋದಾಗ ಎಲ್ಲರೂ ಎದ್ದು ನಿಂತಿದ್ದರು, ಮೇಡಂ ಬಂದರು ಅಂತ. ಈಗ ನಾನು ತಡವಾಗಿ ಬಂದರೆ "ಆಂಟಿ, ನಿಮ್ಮ ಹಾಜರಿ ನಾನೇ ಕೂಗ್ದೆ, ನಿಮ್ಮ ದನಿ ನನಗೆ ಬಂದುಬಿಟ್ಟಿದೆ" ಅನ್ನುತ್ತಾಳೆ ಪಕ್ಕದ ಕನ್ನಡಕದ ಹುಡುಗಿ. ಲ್ಯಾಬಿನಲ್ಲಿ ಅವಳೇ ನನ್ನ ಜೊತೆಗಾತಿ. ಗಣಿತ ಅವಳಿಗೆ ನೀರು ಕುಡಿದ ಹಾಗೆ. ಸ್ಕ್ರೂ ಬಿಗಿಸುವುದು, ಕೇಬಲ್ ಸಿಪ್ಪೆ ಸುಲಿಯುವುದು ನನ್ನ ಪಾಲು. ನಿಮ್ಮಣ್ಣನ ಇಕ್ಕಳವೇ ತೆಗೆದುಕೊಂಡು ಹೋಗುತ್ತೇನೆ.

ಪವರ್ ಸಿಸ್ಟಮ್ಸ್ ಕಲಿಸುವವರಿಗೆ ಸೊನ್ನೆ ಮೇಷ್ಟ್ರು ಅಂತ ಹೆಸರು. ಉತ್ತರದ ಮುಂದೆ ವೋಲ್ಟೋ ಆಂಪಿಯರೋ ಬರೆಯದಿದ್ದರೆ ಸೊನ್ನೆ. "ಬರೀ ಐದು ಅಂತ ಬರ್ದಿದೀರಲ್ಲ, ಏನು ಐದು? ಐದು ಬದನೆಕಾಯಾ?" ಎಂದು ನನ್ನನ್ನೂ ಒಂದು ಸಲ ಕೇಳಿದರು. ನನಗೆ ಅವರು ಇಷ್ಟ. ಯಾರನ್ನೂ ಕನಿಕರದಿಂದ ನೋಡುವುದಿಲ್ಲ.

ಅಮ್ಮನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಕೇಳುವ ಪೈಕಿ ಅಲ್ಲ ನಿಮ್ಮಮ್ಮ. ನೀನೇ ಕೆಳಗಿನ ಕೋಣೆಗೆ ಅವರ ಮಂಚ ಇಳಿಸು.

ಈಗ ವಿಷಯಕ್ಕೆ ಬರುತ್ತೇನೆ. ಇಪ್ಪತ್ತನೇ ತಾರೀಖು ನಿಮ್ಮಣ್ಣನ ಸಾವಿನ ಬಗೆಗಿನ ಮೇಲ್ಮನವಿಯ ವಿಚಾರಣೆ, ಅರ್ಜಿಯ ಮೇಲೆ ನನ್ನ ಸಹಿ ಬೇಕು, ಬೇಗ ಕಳಿಸಿ ಎಂದು ಎರಡು ಸಲ ಬರೆದಿದ್ದೀಯ. ಅರ್ಜಿಯನ್ನು ಪೂರ್ತಿ ಓದಿದೆ. "ಮೃತ ನೌಕರನ ಸ್ವಂತ ಅಜಾಗರೂಕತೆ" ಎಂದು ಮೊದಲ ವರದಿಯಲ್ಲಿ ಬರೆದದ್ದನ್ನು ತೆಗೆದುಹಾಕಬೇಕು, ಸಬ್‌ಸ್ಟೇಷನ್ನಿನ ಆಪರೇಟರ್ ಕೆಲಸದ ನಡುವೆ ಸ್ವಿಚ್ ಹಾಕಿದ್ದರಿಂದಲೇ ಸಾವಾಯಿತು, ಅವನನ್ನು ಕೆಲಸದಿಂದ ತೆಗೆಯಬೇಕು, ಅಷ್ಟೇ ತಾನೆ? ಅಮ್ಮ "ನನ್ನ ಮಗ ಬೆಪ್ಪ ಆಗಿರಲಿಲ್ಲ ಅಂತ ಬರೆಸ್ಕೊಂಡು ಬಾ, ಆಮೇಲೆ ಸಾಯ್ತೀನಿ" ಅನ್ನುತ್ತಿದ್ದಾರೆಂದೂ ಬರೆದಿದ್ದೀಯ. ಅದನ್ನು ಓದಿ ಎರಡು ದಿನ ನನಗೆ ಊಟ ರುಚಿಸಲಿಲ್ಲ.

ಪುಟ್ಟಿ, ನಾನು ಅದಕ್ಕೆ ಸಹಿ ಹಾಕುವುದಿಲ್ಲ. ಏಕೆಂದು ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ನಡುವೆ ಎಲ್ಲೂ ಎಳೆ ತಪ್ಪದಿರಲಿ.

ಐದು ವರ್ಷದ ಹಿಂದೆ ಆ ದಿನ ನಿಮ್ಮಣ್ಣನ ತಂಡಕ್ಕೆ ಇದ್ದದ್ದು ಸಣ್ಣ ಕೆಲಸ. ದೊಡ್ಡ ಲೈನಿನ ಗೋಪುರ ಹತ್ತಿ ತಂತಿ ತೂಗುವ ಪಿಂಗಾಣಿ ಬಟ್ಟಲುಗಳ ದೂಳು ಒರೆಸಿ ಇಳಿಯುವುದು. ಆ ಲೈನಿಗೆ ಕರೆಂಟ್ ನಿಲ್ಲಿಸಿದ್ದರು. ಪಕ್ಕದಲ್ಲೇ ಓಡುವ ಇನ್ನೊಂದು ಲೈನಿನಲ್ಲಿ ಕರೆಂಟ್ ಇತ್ತು. ನಿಲ್ಲಿಸಿದ ತಂತಿಯನ್ನು ತಾಮ್ರದ ಕೇಬಲ್ಲಿನಿಂದ ನೆಲಕ್ಕೆ ಜೋಡಿಸಿ, ಅಂದರೆ ಅರ್ತಿಂಗ್ ಮಾಡಿ, ಆಮೇಲೇ ಮುಟ್ಟುವುದು ಅವರ ಕ್ರಮ. ನಿಮ್ಮಣ್ಣ ಗೋಪುರದ ಒಂದು ಬದಿಗೆ ಅರ್ತಿಂಗ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಆ ಬದಿಯ ತಂತಿಯನ್ನು ಈ ಬದಿಯ ತಂತಿಗೆ ಸೇರಿಸುವ ತುಂಡು ಸುಟ್ಟಿರುವುದು ಕಂಡಿತು. "ಹತ್ತಿದ್ದಾಗಿದೆ, ಇದನ್ನೂ ಬದಲಾಯಿಸಿಬಿಡೋಣ" ಎಂದರಂತೆ. ಆ ತುಂಡನ್ನು ಬಿಚ್ಚಿ, ಇನ್ನೊಂದು ಬದಿಯ ತಂತಿ ಹಿಡಿದಾಗ ಆದದ್ದು ಅದು.

ಕಳೆದ ತಿಂಗಳು ಸೊನ್ನೆ ಮೇಷ್ಟ್ರು ಲ್ಯಾಬಿನಲ್ಲಿ ಎರಡು ತಂತಿಗಳನ್ನು ಅಕ್ಕಪಕ್ಕ ಎಳೆಸಿದರು. ಲ್ಯಾಬಿನಿಂದ ಕಾರಿಡಾರಿನ ಕೊನೆಯವರೆಗೆ, ಅಲ್ಲಿಂದ ವಾಪಸ್ಸು, ಹೀಗೆ ನಾಲ್ಕು ಸುತ್ತು. ಒಂದಕ್ಕೆ ಕರೆಂಟ್ ಕೊಟ್ಟರು. ಇನ್ನೊಂದಕ್ಕೆ ಏನೂ ಇಲ್ಲ, ಎರಡು ತುದಿಯೂ ಗಾಳಿಯಲ್ಲಿ.

"ಇದು ಸತ್ತ ತಂತಿ. ಯಾರು ಮುಟ್ತೀರಿ?"

"ಸರ್, ನೀವೇ ಮುಟ್ಟಿ, ನಮಗೆ ಮದುವೆ ಆಗಿಲ್ಲ" ಎಂದ ಹಿಂದಿನ ಬೆಂಚಿನವನು. ಎಲ್ಲರೂ ನಕ್ಕರು.

ಮೇಷ್ಟ್ರು ಟೆಸ್ಟರ್ ತಾಗಿಸಿದರು. ಸತ್ತ ತಂತಿಯಲ್ಲಿ ದೀಪ ಹತ್ತಿತು. ನಗು ನಿಂತಿತು. ಪಕ್ಕದ ತಂತಿಯ ಕರೆಂಟ್ ಮುಟ್ಟದೆಯೇ ಇದಕ್ಕೆ ವೋಲ್ಟೇಜ್ ಕೊಡುತ್ತದೆ ಎಂದರು. ಆಮೇಲೆ ಸತ್ತ ತಂತಿಯ ಒಂದು ತುದಿಯನ್ನು ಅರ್ತಿಂಗಿಗೆ ಸೇರಿಸಿದರು. ದೀಪ ಆರಿತು. "ಈಗ ಕ್ಷೇಮ. ಆದರೆ ನಾನು ಇದನ್ನ ಕತ್ತರಿಸಬೇಕು ಅಂದ್ಕೊಳ್ಳಿ" ಎನ್ನುತ್ತಾ ನನ್ನ ಇಕ್ಕಳ ಕೇಳಿ ಇಸಕೊಂಡು ತಂತಿಯನ್ನು ನಡುವೆ ಕತ್ತರಿಸಿದರು. ಅರ್ತಿಂಗ್ ಇದ್ದ ತುಂಡಿನಲ್ಲಿ ದೀಪ ಹತ್ತಲಿಲ್ಲ. ಇನ್ನೊಂದು ತುಂಡಿಗೆ ತಾಗಿಸಿದರು, ಹತ್ತಿತು.

"ಕತ್ತರಿಸಿದ ಮೇಲೆ ತಂತಿ ಒಂದಲ್ಲ, ಎರಡು. ಎರಡಕ್ಕೂ ಬೇರೆ ಬೇರೆ ಅರ್ತಿಂಗ್ ಬೇಕು. ಪರೀಕ್ಷೆಗೆ ಇದು ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ, ಕೆಲಸಕ್ಕೆ ಬರುತ್ತೆ" ಎಂದು ಇಕ್ಕಳ ವಾಪಸ್ಸು ಕೊಟ್ಟರು.

ಮಾರನೆಯ ದಿನ ವರದಿಯ ಪ್ರತಿಯಿಂದ ಅಳತೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡೆ. ಪಕ್ಕದ ಲೈನಿನ ವೋಲ್ಟೇಜ್, ಎರಡು ಲೈನಿನ ನಡುವಿನ ದೂರ, ಅರ್ತಿಂಗ್ ಇಲ್ಲದ ಬದಿಯಲ್ಲಿ ಉಳಿದಿದ್ದ ತಂತಿಯ ಉದ್ದ ಇಪ್ಪತ್ತೆರಡು ಕಿಲೋಮೀಟರ್. ಕನ್ನಡಕದ ಹುಡುಗಿಯ ಮುಂದಿಟ್ಟು, ಈ ಲೆಕ್ಕ ಹೇಗೆ ಮಾಡುವುದು ತೋರಿಸು ಎಂದೆ. ಅವಳು ಹೋಂವರ್ಕ್ ಅಂದುಕೊಂಡಳು. ಕ್ಯಾಂಟೀನಿನಲ್ಲಿ ಕೂತು ಒಂದು ಗಂಟೆಯಲ್ಲಿ ಮುಗಿಸಿದಳು. "ನೂರ ನಲವತ್ತು ಮಿಲಿ ಆಂಪಿಯರ್! ಆಂಟಿ, ಎದೆ ನಿಲ್ಲಕ್ಕೆ ಇದರ ಅರ್ಧ ಸಾಕು. ಯಾರೂ ಸ್ವಿಚ್ ಹಾಕೋದೇ ಬೇಡ, ನಿಮ್ಮ ಈ ಲೆಕ್ಕದ ಮನುಷ್ಯ ಸುಮ್ಸುಮ್ನೆ ಹೋಗ್ಬಿಡ್ತಾನೆ" ಎಂದು ನಕ್ಕಳು. ನಾನು ನಗಲಿಲ್ಲ. ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಆಂಟಿ, ಇದು ಪುಸ್ತಕದ ಲೆಕ್ಕ ತಾನೆ?" ಎಂದಳು. ಅಲ್ಲ ಎಂದೆ. ಪಾಪದ ಹುಡುಗಿ, ಅವತ್ತಿನಿಂದ ದಿನಾ ನನ್ನನ್ನು ಬಸ್ಸು ಹತ್ತಿಸಿಯೇ ಹೋಗುತ್ತಾಳೆ.

ಮೇಷ್ಟ್ರಿಗೂ ತೋರಿಸಿದೆ. ಅವರು ತಮ್ಮ ಲೆಕ್ಕ ಬೇರೆಯಾಗಿ ಮಾಡಿದರು, ನೂರ ಮೂವತ್ತಾರು ಬಂತು. ಸಬ್‌ಸ್ಟೇಷನ್ನಿನ ದಾಖಲೆಯನ್ನೂ ಓದಿ, ಆ ಹೊತ್ತಿನಲ್ಲಿ ಸ್ವಿಚ್ ಹಾಕಿದ ಗುರುತೇ ಇಲ್ಲ ಎಂದರು. ನಾವು ಆ ದಾಖಲೆಯನ್ನು ತಿದ್ದಿದ್ದಾರೆ ಎನ್ನುತ್ತಿದ್ದೆವು. ತಿದ್ದುವ ಅಗತ್ಯವೇ ಇರಲಿಲ್ಲ ಪುಟ್ಟಿ. ಆ ಬದಿಗೆ ಅರ್ತಿಂಗ್ ಇರಲಿಲ್ಲ, ಅಷ್ಟೇ ಸಾಕಾಯಿತು. ಆಪರೇಟರ್ ಏನೂ ಮಾಡಲಿಲ್ಲ. ಐದು ವರ್ಷದಿಂದ ನೀನು ಅವನನ್ನು ಬೀದಿಯಲ್ಲಿ ಕಂಡರೆ ಉಗಿದು ಪಕ್ಕಕ್ಕೆ ಹೋಗುತ್ತೀಯ. ಅವನ ಹೆಂಡತಿ ನಿಮ್ಮ ಓಣಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದಾಳೆ ಎಂದು ನೀನೇ ಹೇಳಿದ್ದೆ. ನಾವು ಗೆದ್ದರೆ ಅವನ ಕೆಲಸ ಹೋಗುತ್ತದೆ. ಸುಳ್ಳಿಗೆ ಒಬ್ಬನ ಕೆಲಸ ತೆಗೆಸಿದರೆ ನಿಮ್ಮಣ್ಣ ಒಪ್ಪುತ್ತಿದ್ದರಾ? ಒಂದು ಇರುವೆ ಸಾಲು ದಾಟಲೂ ಸೈಕಲ್ ಇಳಿಯುತ್ತಿದ್ದ ಮನುಷ್ಯ.

ಉಗ್ರಾಣದವನು ಎರಡನೆಯ ಅರ್ತಿಂಗ್ ಸೆಟ್ಟನ್ನು ಕೊಡಲೇ ಇಲ್ಲ, ಪುಸ್ತಕದಲ್ಲಿರುವುದು ಕಳ್ಳ ಸಹಿ ಎಂದು ಅರ್ಜಿಯ ಎರಡನೇ ಪುಟದಲ್ಲಿ ಬರೆಸಿದ್ದೀಯ. ಅದನ್ನೂ ಹೋಗಿ ನೋಡಿ ಬಂದೆ. ಎರಡು ಸೆಟ್ ಎಂದು ಬರೆದಿದೆ, ಸಹಿ ನಿಮ್ಮಣ್ಣನದೇ. ಕೊನೆಯ ಅಕ್ಷರದ ಬಾಲವನ್ನು ಹಾಗೆ ಮೇಲಕ್ಕೆ ತಿರುಗಿಸುವವರು ಅವರೊಬ್ಬರೇ.

ಓದಿದವಳೆಂದು ದೊಡ್ಡ ಮಾತಾಡುತ್ತಿದ್ದೇನೆ ಎಂದು ಸಿಟ್ಟಾಗಬೇಡ. ಅಮ್ಮನಿಗೆ ಏನು ಹೇಳುವುದು ಎಂಬುದು ನನಗೂ ತಿಳಿದಿಲ್ಲ. ಅವರ ಮಗ ಬೆಪ್ಪ ಆಗಿರಲಿಲ್ಲ. ಬೆಳಿಗ್ಗೆ ಹೊರಟ ಕೆಲಸಕ್ಕೆ ಒಂದು ಅರ್ತಿಂಗ್ ಸಾಕಿತ್ತು. ಗೋಪುರ ಹತ್ತಿದ ಮೇಲೆ ಕೆಲಸ ಬದಲಾಯಿತು. ಇಷ್ಟನ್ನಾದರೂ ಹೇಳು.

ಮಕ್ಕಳ ಪರೀಕ್ಷೆ ಹತ್ತಿರ ಬಂತಲ್ಲ, ದೊಡ್ಡವಳಿಗೆ ಜ್ಯಾಮಿಟ್ರಿ ಪೆಟ್ಟಿಗೆ ತೆಗೆದಿಟ್ಟಿದ್ದೇನೆ, ಬರುವಾಗ ತರುತ್ತೇನೆ. ಚಿಕ್ಕವನಿಗೆ ಕಿವಿ ಸೋರುವುದು ನಿಂತಿತಾ? ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ಅಮ್ಮನ ಕಾಲಿಗೆ ನನ್ನ ಹಣೆ. ನಿನ್ನ ಮನೆ ತಣ್ಣಗಿರಲಿ, ನಿನ್ನ ಮಕ್ಕಳು ನಿನಗಿಂತ ಎತ್ತರ ಬೆಳೆಯಲಿ. ನನ್ನ ಮೇಲೆ ಎಷ್ಟು ಕೋಪ ಬಂದರೂ ರಾತ್ರಿ ಉಪವಾಸ ಮಲಗಬೇಡ, ಅದು ನಿನ್ನ ಹಳೇ ಚಾಳಿ.

ಇತಿ,
ನಿನ್ನ ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ.

ಎರಡನೆಯ ಸೆಟ್ ನಮ್ಮ ಮನೆಯಲ್ಲಿತ್ತು. ಅದರ ಕೇಬಲ್ಲಿನ ತುದಿಯಲ್ಲಿ ತಂತಿ ಕಚ್ಚುವ ಕ್ಲಾಂಪಿನ ಸ್ಪ್ರಿಂಗ್ ಸಡಿಲವಾಗಿತ್ತು, ಸರಿಮಾಡಲು ಹಿಂದಿನ ಸಂಜೆ ನಿಮ್ಮಣ್ಣ ಮನೆಗೆ ತಂದು, ಮಾಡಿಯೂ ಮುಗಿಸಿದ್ದರು. ಅವತ್ತು ಹಿತ್ತಲಿನ ಬಟ್ಟೆಯ ಹಗ್ಗ ಕಡಿದುಹೋಗಿತ್ತು. ಬೆಳಿಗ್ಗೆ ಎದ್ದು ಹಾಸಿಗೆಯ ಹೊದಿಕೆ, ಅವರ ಬನಿಯನ್ನು ಎಲ್ಲ ಒಗೆದಿದ್ದೆ. ಆ ಕೇಬಲ್ಲಿಗೆ ಮೇಲೆ ಪ್ಲಾಸ್ಟಿಕ್ ಇರುತ್ತದೆ, ಬಿಳಿ ಬಟ್ಟೆಗೆ ಕಲೆ ಹಿಡಿಯುವುದಿಲ್ಲ, ಮೂವತ್ತಡಿ ಉದ್ದ. ಎರಡು ಕಂಬದ ನಡುವೆ ಕಟ್ಟಿ ಎಲ್ಲವನ್ನೂ ಹರವಿದೆ. ಹೊರಡುವಾಗ ನೋಡಿ ನಕ್ಕರು. "ಏನೇ ಇದು, ಇಲಾಖೆ ಕೇಬಲ್ ಮೇಲೆ ನನ್ನ ಬನಿಯನ್ನು?" ಬಿಚ್ಚಿ ಕೊಡಲಾ ಎಂದೆ. "ಬೇಡ ಬಿಡು, ಒದ್ದೆ ಇದೆ. ಇವತ್ತು ಬರೀ ದೂಳು ಒರೆಸೋದು, ಒಂದು ಸಾಕು" ಎಂದು ಸೈಕಲ್ ಹತ್ತಿದರು.

ವಿಚಾರಣೆಯವರು ಮನೆಗೆ ಬಂದು, ಅವರು ಏನಾದರೂ ಸಾಮಾನು ಮನೆಯಲ್ಲಿ ಬಿಟ್ಟಿದ್ದರಾ ಎಂದು ಕೇಳಿದಾಗ ಇಲ್ಲ ಎಂದೆ. ನೀನು ನನ್ನ ಪಕ್ಕದಲ್ಲೇ ಇದ್ದೆ. "ಗಂಡ ಸತ್ತ ಹೆಂಗಸಿನ ಹತ್ರ ಸಾಮಾನಿನ ಲೆಕ್ಕ ಕೇಳ್ತೀರಾ?" ಎಂದು ನೀನೇ ಅವರನ್ನು ಗದರಿಸಿ ಗೇಟಿನಾಚೆ ಕಳಿಸಿದೆ. ಆ ಹೊತ್ತಿಗೆ ಅದು ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ಈಗಲೂ ಇದೆ.

ನಾನು ಓದಲು ಸೇರಿದಾಗ ನೀನು "ಅಣ್ಣನ್ನ ಕೊಂದೋರು ಯಾರು ಅಂತ ಕಂಡುಹಿಡೀರಿ ಅತ್ತಿಗೆ" ಎಂದಿದ್ದೆ, ನಾನು ಹೂಂ ಎಂದಿದ್ದೆ. ನಾನು ಹುಡುಕುತ್ತಿದ್ದದ್ದು ಅದಲ್ಲ. ಆ ಎರಡನೆಯದು ಅಲ್ಲಿದ್ದಿದ್ದರೂ ಅವರು ಉಳಿಯುತ್ತಿರಲಿಲ್ಲ ಎಂದು ತೋರಿಸುವ ಒಂದು ಲೆಕ್ಕ ಎಲ್ಲಾದರೂ ಸಿಗುತ್ತದೆಯೇ ಎಂದು ಓದಿದೆ. ಅಂಥ ಲೆಕ್ಕ ಇಲ್ಲ. ಮೇಷ್ಟ್ರನ್ನೂ ಕೇಳಿದೆ. "ಎರಡು ಇದ್ದಿದ್ರೆ ಸಂಜೆ ಮನೆಗೆ ಬರ್ತಿದ್ದ" ಎಂದರು. ಯಾರ ವಿಷಯ ಎಂದು ಅವರಿಗೆ ಗೊತ್ತಿರಲಿಲ್ಲ.

ಇಪ್ಪತ್ತರಂದು ಮೊದಲ ಬಸ್ಸಿಗೆ ಕೇಬಲ್ ತೆಗೆದುಕೊಂಡು ಬರುತ್ತೇನೆ. ವಿಚಾರಣೆ ಹನ್ನೊಂದಕ್ಕೆ. ಆಪರೇಟರ್ ಅಲ್ಲಿರುತ್ತಾನೆ, ಅವನ ಮುಂದೆಯೇ ಹೇಳುತ್ತೇನೆ. ಅದಕ್ಕೆ ಮುಂಚೆ ಅಮ್ಮನಿಗೆ ತಿಳಿಯಬೇಕು. ನೀನೇ ಹೇಳುತ್ತೀಯೋ, ನಾನು ಬಂದು ಹೇಳಲೋ, ಒಂದೇ ಒಂದು ಸಾಲು ಬರೆ. ಬರೆಯಲು ಮನಸ್ಸಾಗದಿದ್ದರೆ ನಾನು ನೇರ ವಿಚಾರಣೆಗೇ ಹೋಗುತ್ತೇನೆ, ನಿನ್ನ ಬಾಗಿಲು ತಟ್ಟುವುದಿಲ್ಲ.